ನೆರೆಪರಿಹಾರದಲ್ಲಿ ಅಂಗಡಿಕಾರನ ಸ್ಥಾನ: ವಿಜಯವಾಡದ ಒಂದು ನಿದರ್ಶನ

೨೦೨೪ನೆಯ ಇಸವಿಯ ಆಗಸ್ಟ್ ಕೊನೆಯಲ್ಲಿ ಸುರಿದ ಅತಿವೃಷ್ಟಿಯಿಂದ ಬುಡಮೇರು ಎಂಬ ಹೊಳೆಯು ದಂಡೆಯೊಡೆದು, ಸೆಪ್ಟೆಂಬರ್ ೧ರಂದು ವಿಜಯವಾಡದ ಅಜಿತ್ ಸಿಂಗ್ ನಗರವೇ ಮೊದಲಾದ ಬಡಾವಣೆಗಳನ್ನು ಮುಳುಗಿಸಿದ ಸಂಗತಿಯನ್ನು ವಾಚಕರು ಬಲ್ಲರು. ಅದೇ ವೇಳೆಗೆ ಪ್ರಕಾಶಂ ಅಣೆಕಟ್ಟಿನಲ್ಲಿ ೧೧ ಲಕ್ಷ ಕ್ಯುಸೆಕ್ಸಿಗೂ ಮಿಕ್ಕಿ ನೀರು ಹರಿಯುತ್ತಿದ್ದುದರಿಂದ, ದೂರದಲ್ಲಿದ್ದ ನಮ್ಮವರು ಇದನ್ನು ಕೃಷ್ಣೆಯ ಪ್ರಕೋಪವೆಂದೇ ಭಾವಿಸಿದ್ದುಂಟು. ಆದರೆ ಆ ಬಡಾವಣೆಗಳನ್ನು ಹೊಕ್ಕದ್ದು ಕೊಲ್ಲೇರು ಸರೋವರವನ್ನು ಸೇರಬೇಕಾದ ಈ ಸಣ್ಣ ಹೊಳೆ. ನೀರು ಇಳಿಯಲು ದಿನಗಳೇ ಹಿಡಿದವು. ಅಷ್ಟರಲ್ಲಿ ಅಂಗಡಿಗಳ ಅಕ್ಕಿ ಬೇಳೆಗಳು ಕೊಳೆತಿದ್ದವು. ಲೆಕ್ಕದ ಪುಸ್ತಕಗಳೂ ನೆನೆದುಹೋಗಿದ್ದವು.

ಹೀಗೆ ಸರಕನ್ನು ಕಳೆದುಕೊಂಡ ವ್ಯಾಪಾರಿಯು ಅಧಿಕಾರಿಯ ಮುಂದೆ ಯಾವ ಆಧಾರದ ಮೇಲೆ ಕೈಯೊಡ್ಡಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುವವರು ಹತ್ತೊಂಬತ್ತನೆಯ ಶತಮಾನಕ್ಕೆ ಹೋಗಬೇಕಾಗುತ್ತದೆ. ೧೮೮೩ರ ಭೂಸುಧಾರಣಾ ಸಾಲಗಳ ಶಾಸನ, ೧೮೮೪ರ ಕೃಷಿಕರ ಸಾಲಗಳ ಶಾಸನ ಇವೆರಡೂ ಭೂಮಿಯನ್ನು ಉಳುವವನಿಗಾಗಿ ಹುಟ್ಟಿದವು. ಬೀಜ, ಎತ್ತು, ಸಂಕಟನಿವಾರಣೆಗಳಿಗೆ ಅವನಿಗೆ ಸರ್ಕಾರವು ಕೊಡುತ್ತಿದ್ದ ಸಾಲವೇ ನಮ್ಮ ಹಿರಿಯರು ಕಂಡ ತಗಾವಿ. ಕಂದಾಯವನ್ನು ನಂಬಿದ್ದ ಸರ್ಕಾರಕ್ಕೆ ರೈತನು ಉಳಿಯಬೇಕಾಗಿತ್ತು. ಅಂಗಡಿಯ ಸರಕಿಗೆ ಶಾನುಭೋಗನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಆ ಜಾಡು ಇಂದಿಗೂ ಅಳಿದಿಲ್ಲವೆಂದು ನನ್ನ ಅಭಿಪ್ರಾಯ. ೨೦೦೫ರ ವಿಪತ್ತು ನಿರ್ವಹಣಾ ಅಧಿನಿಯಮದ ಮೇರೆಗೆ ಏರ್ಪಟ್ಟ ರಾಜ್ಯ ನಿಧಿಯ ನೆರವಿನ ಪಟ್ಟಿಯಲ್ಲಿ ಬೆಳೆಯುಂಟು, ದನವುಂಟು, ಮೀನುಗಾರನ ದೋಣಿ ಬಲೆಗಳುಂಟು, ಮನೆಯುಂಟು. ಕೈಮಗ್ಗದ ನೇಕಾರನಿಗೆ ಹಾಳಾದ ಉಪಕರಣಕ್ಕೂ, ನೇಯ್ದು ಮುಗಿಸಿದ ಬಟ್ಟೆಗೂ ನೆರವುಂಟು. ಮಂಗಳಗಿರಿಯ ನೇಕಾರನ ಮನೆಯಲ್ಲಿ ನೆನೆದ ಸೀರೆಯು ಈ ಪಟ್ಟಿಗೆ ಸೇರುತ್ತದೆ. ಅದೇ ಸೀರೆಯನ್ನು ಕೊಂಡುತಂದು ಮಾರುವವನ ಅಂಗಡಿಯಲ್ಲಿ ನೆನೆದರೆ ಸೇರುವುದಿಲ್ಲ!

ಆದಕಾರಣ ವ್ಯಾಪಾರಿಗೆ ಏನಾದರೂ ದೊರೆಯಬೇಕಾದರೆ ರಾಜ್ಯಸರ್ಕಾರವು ಪ್ರತ್ಯೇಕವಾಗಿ ಘೋಷಿಸಬೇಕು. ೨೦೨೪ರ ಸೆಪ್ಟೆಂಬರ್ ೧೭ರಂದು ಆಂಧ್ರ ಸರ್ಕಾರವು ಹಾಗೆ ಘೋಷಿಸಿತು: ಕಿರಾಣಿಯಂತಹ ಸಣ್ಣ ಅಂಗಡಿಗೆ ೨೫,೦೦೦ ರೂಪಾಯಿ, ೪೦ ಲಕ್ಷದೊಳಗಿನ ವಹಿವಾಟಿನ ಸಣ್ಣ ಉದ್ಯಮಕ್ಕೆ ೫೦,೦೦೦, ಒಂದೂವರೆ ಕೋಟಿಯವರೆಗೆ ಒಂದು ಲಕ್ಷ, ಅದಕ್ಕೆ ಮೇಲ್ಪಟ್ಟರೆ ಒಂದೂವರೆ ಲಕ್ಷ. ಈ ಎರಡು ಗಡಿಗಳು ನಮಗೆ ಪರಿಚಿತವಾದುವೇ. ಸರಕು ಮತ್ತು ಸೇವಾ ತೆರಿಗೆಯಲ್ಲಿ ಸರಕಿನ ವ್ಯಾಪಾರಿಯು ನೋಂದಣಿ ಮಾಡಿಸಬೇಕಾದ ಮಿತಿ ೪೦ ಲಕ್ಷ. ರಾಜಿ ತೆರಿಗೆಯ ಮಿತಿ ಒಂದೂವರೆ ಕೋಟಿ. ಇದು ಕೇವಲ ಕಾಕತಾಳೀಯವೆಂದು ನನಗೆ ತೋರುವುದಿಲ್ಲ. ವಿಶಾಖಪಟ್ಟಣವನ್ನು ೨೦೧೪ರ ಅಕ್ಟೋಬರ್ ೧೨ರಂದು ಹುದ್‌ಹುದ್ ಚಂಡಮಾರುತವು ಹಾಳುಗೆಡವಿದಾಗ ಈ ಅಳತೆಗೋಲು ಯಾರ ಕೈಯಲ್ಲೂ ಇರಲಿಲ್ಲ. ಆ ತೆರಿಗೆಯು ಜಾರಿಗೆ ಬಂದುದು ೨೦೧೭ರ ಜುಲೈ ೧ರಂದು. ರೈತನನ್ನು ಕಂದಾಯದ ಮೂಲಕ ಗುರುತಿಸಿದ ಸರ್ಕಾರವು ವ್ಯಾಪಾರಿಯನ್ನು ಅವನ ತೆರಿಗೆಯ ಮೂಲಕ ಗುರುತಿಸತೊಡಗಿತೆನ್ನಬಹುದು.

ಆದರೆ ನೋಂದಣಿಯ ಮಿತಿಗಿಂತ ಕೆಳಗಿರುವವನಲ್ಲಿ ಕಾಗದಪತ್ರಗಳೇ ಕಡಿಮೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತವನಿಗೆ ಇದು ಬೇಗ ಹೊಳೆಯುತ್ತದೆ. ಸರಕಿನ ಮೇಲೆ ಸಾಲ ಪಡೆದವನು ಕಾಲಕಾಲಕ್ಕೆ ದಾಸ್ತಾನಿನ ವಿವರವನ್ನು ನಮಗೆ ಒಪ್ಪಿಸಿರುತ್ತಾನೆ. ನೆರೆಯ ಮರುದಿನ ಅವನ ನಷ್ಟಕ್ಕೆ ಅದೊಂದು ಸಾಕ್ಷಿ. ಸಾಲಕ್ಕೆ ಅಂಜಿ ಸ್ವಂತ ಗಳಿಕೆಯಿಂದಲೇ ಅಂಗಡಿ ನಡೆಸಿದವನಿಗೆ ಕೆಸರು ಮೆತ್ತಿದ ಗೋಣಿಚೀಲವೇ ಸಾಕ್ಷಿ. ದುರ್ವಾಸನೆಗೆ ಹೆದರಿ, ಎಣಿಕೆಗೆ ಬರುವವರನ್ನು ಕಾಯದೆ ಅದನ್ನೂ ಬೀದಿಗೆ ಎಸೆದರೆ ತೋರಿಸಲು ಏನೂ ಉಳಿಯದು.

‘ಪರಿಹಾರ’ವೆಂಬ ನಮ್ಮ ಮಾತೂ ಇಲ್ಲಿ ಎರಡು ಅರ್ಥ ಕೊಡುತ್ತದೆ. ಬೇಡುವವನು ಅದನ್ನು ನಷ್ಟಕ್ಕೆ ತಕ್ಕ ಬೆಲೆಯೆಂದು ತಿಳಿಯುತ್ತಾನೆ. ಕೊಡುವವರು ಸಂಕಟಕ್ಕೆ ಇತ್ತ ಸಹಾಯವೆಂದು ತಿಳಿಯುತ್ತಾರೆ. ಮೂರು ಲಕ್ಷದ ಸರಕು ಹೋದವನಿಗೂ ಮೂವತ್ತು ಸಾವಿರದ ಸರಕು ಹೋದವನಿಗೂ ವಹಿವಾಟು ಒಂದೇ ದರ್ಜೆಯದಾದರೆ ಸಿಕ್ಕುವ ಮೊತ್ತವೂ ಒಂದೇ. ವಿಜಯವಾಡದ ವಾರ್ಡು ಸಚಿವಾಲಯಗಳಲ್ಲಿ ಫಲಾನುಭವಿಗಳ ಪಟ್ಟಿಯನ್ನು ಪ್ರಕಟಿಸಿದಾಗ, ಅದರಲ್ಲಿ ತಮ್ಮ ಹೆಸರು ಕಾಣದವರು ಪುನಃ ಅರ್ಜಿ ಹಿಡಿದು ಸಾಲುಗಟ್ಟಿ ನಿಂತರು.