ದೋಣಿಯ ಎಣ್ಣೆ: ಹಲಗೆಯಿಂದ ಇಂಜಿನ್ನಿಗೆ

ನಮ್ಮ ಕರಾವಳಿಯ ಮೀನುಗಾರಿಕೆ ಯಂತ್ರದ ಯುಗವನ್ನು ಪ್ರವೇಶಿಸಿದ ಬಗೆಯನ್ನು ವಿವರಿಸುವಾಗ ಬಲೆಯ ಉದ್ದ, ಇಂಜಿನ್ನಿನ ಅಶ್ವಶಕ್ತಿ, ದಡಕ್ಕೆ ಬಿದ್ದ ಮೀನಿನ ತೂಕ ಇವುಗಳನ್ನೇ ಮುಂದಿರಿಸುವುದು ವಾಡಿಕೆ. ಆದರೆ ಇಂಜಿನ್ನನ್ನು ಹಣ ಕೊಟ್ಟು ತರಬಹುದು, ಸಾಲ ಮಾಡಿಯಾದರೂ ತರಬಹುದು. ಕಡಲಿಗಿಳಿಯುವ ಮುನ್ನ ಅದರ ಎಣ್ಣೆಯನ್ನು ನೋಡುವ, ಕಾಲಕ್ಕೆ ಸರಿಯಾಗಿ ಹಳೆಯದನ್ನು ತೆಗೆದು ಹೊಸದನ್ನು ತುಂಬುವ ಶಿಸ್ತು ಮಾತ್ರ ಕೈಯಿಂದ ಕೈಗೆ ಕಲಿತು ಬರಬೇಕಾದುದು. ಯಂತ್ರಯುಗ ನಮ್ಮ ಬಂದರುಗಳಲ್ಲಿ ನಿಜವಾಗಿ ನೆಲೆಯೂರಿದುದು ಆ ಶಿಸ್ತು ನೆಲೆಯೂರಿದಾಗಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಣ್ಣೆಯಾದರೋ ನಮ್ಮ ದೋಣಿಗೆ ಹೊಸ ವಸ್ತುವಲ್ಲ. ಮೊಳೆಯ ಬದಲು ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಕಟ್ಟುತ್ತಿದ್ದ ಪಶ್ಚಿಮ ತೀರದ ದೋಣಿಗಳಿಗೆ ಮೀನೆಣ್ಣೆಯ ಲೇಪವೇ ಕವಚವಾಗಿತ್ತು. ದಕ್ಷಿಣ ಕನ್ನಡದವರು ಬೂತಾಯಿಯೆಂದೂ ಉತ್ತರ ಕನ್ನಡದವರು ತಾರ್ಲೆಯೆಂದೂ ಕರೆಯುವ ಮೀನು ಹಿಂಡುಹಿಂಡಾಗಿ ಬಂದ ವರ್ಷಗಳಲ್ಲಿ, ತಿಂದು ಮಾರಿ ಮಿಕ್ಕುದರಿಂದ ತೆಗೆದ ಎಣ್ಣೆಯನ್ನು ಮರಕ್ಕೆ ಕುಡಿಸಿ, ಅದು ಬಿಸಿಲಿಗೆ ಬಿರಿಯದಂತೆಯೂ ಉಪ್ಪುನೀರಿನಲ್ಲಿ ಕೊಳೆಯದಂತೆಯೂ ಕಾಪಾಡುತ್ತಿದ್ದರು. ಗೇರು ಸಿಪ್ಪೆಯ ಎಣ್ಣೆಯೂ ಅಲ್ಲಲ್ಲಿ ಇದೇ ಸೇವೆಗೆ ಸಲ್ಲುತ್ತಿತ್ತು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಆ ಕಾಲದಲ್ಲಿ, 1907ರಲ್ಲಿ ಆರಂಭವಾದ ಅಲ್ಲಿನ ಮತ್ಸ್ಯ ಇಲಾಖೆಯ ಮೂಲಪುರುಷರಾದ ಸರ್ ಫ್ರೆಡರಿಕ್ ನಿಕಲ್ಸನ್ನರು, ಮೀನನ್ನು ಕೊಳೆಯಿಸಿ ಎಣ್ಣೆ ತೆಗೆಯುವ ಹಳೆಯ ಪದ್ಧತಿಯ ಸ್ಥಾನದಲ್ಲಿ ತಾಜಾ ಮೀನನ್ನು ಕುದಿಸಿ ಹಿಂಡುವ ಸರಳ ವಿಧಾನವನ್ನು ಪ್ರಚುರಪಡಿಸಲು, ತೀರದುದ್ದಕ್ಕೂ ಸಣ್ಣ ಸಣ್ಣ ಎಣ್ಣೆ ಕಾರ್ಖಾನೆಗಳು ತಲೆಯೆತ್ತಿದುವು. ಅಂತೂ ಮೊಗವೀರರೇ ಮೊದಲಾದ ಕಡಲ ಮಕ್ಕಳಿಗೆ ದೋಣಿಗೆ ಎಣ್ಣೆಯೂಡಿಸುವುದು ಪರಂಪರಾಗತವಾದ ಕರ್ತವ್ಯ.

ಇಂಜಿನ್ನಿನ ಎಣ್ಣೆಯ ಧರ್ಮ ಬೇರೆ. ಅದು ಲೋಹವನ್ನು ನುಣುಪಾಗಿಸುವುದಷ್ಟೇ ಅಲ್ಲ, ಭಾರವನ್ನೂ ಹೊರುತ್ತದೆ ಎಂಬುದು ತಿಳಿದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಇಂಗ್ಲೆಂಡಿನ ಬೀಚಮ್ ಟವರ್ 1883ರ ಸುಮಾರಿಗೆ ರೈಲುಗಾಡಿಯ ಅಚ್ಚಿನ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ, ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಕೊರೆದ ರಂಧ್ರದಿಂದ ಎಣ್ಣೆ ಒಳಕ್ಕಿಳಿಯುವ ಬದಲು ಮೇಲಕ್ಕುಕ್ಕಿತು. ರಂಧ್ರಕ್ಕೆ ಬಡಿದ ಮರದ ಬೆಣೆಯನ್ನೂ ತಳ್ಳಿ ಹೊರಗೆಸೆಯಿತು. ತಿರುಗುವ ಅಚ್ಚು ತಾನಾಗಿಯೇ ಎಣ್ಣೆಯನ್ನು ಸಂದಿಗೆ ಸೆಳೆದುಕೊಂಡು ಅದರ ತೆಳುಪದರದ ಮೇಲೆ ತೇಲುತ್ತದೆಯೆಂಬ ಈ ಅದ್ಭುತ ಸತ್ಯವನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ಸಮೀಕರಣದಲ್ಲಿ ಪ್ರತಿಷ್ಠಾಪಿಸಿದನು. ಆ ಪದರ ಹರಿದ ಕ್ಷಣದಲ್ಲಿ ಲೋಹ ಲೋಹವನ್ನು ತಿನ್ನತೊಡಗುತ್ತದೆ; ನಡುಗಡಲಿನಲ್ಲಿ ಇಂಜಿನ್ನು ಹಿಡಿದುಕೊಳ್ಳುವುದರ ಹಿಂದೆ ಅನೇಕ ವೇಳೆ ಇರುವ ಕಾರಣ ಇದೇ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸ್ಕ್ಯಾಂಡಿನೇವಿಯದ ಮೀನುದೋಣಿಗಳನ್ನೇರಿದ, ತಲೆಯ ಮೇಲಿನ ಗೋಳವನ್ನು ದೀಪದಿಂದ ಕಾಯಿಸಿ ಚಾಲೂ ಮಾಡಬೇಕಾಗಿದ್ದ ಇಂಜಿನ್ನುಗಳಲ್ಲಿ ಎಣ್ಣೆಯನ್ನು ಬದಲಾಯಿಸುವ ಪ್ರಶ್ನೆ ಬಹುಮಟ್ಟಿಗೆ ಏಳುತ್ತಿರಲಿಲ್ಲ. ಹನಿಹನಿಯಾಗಿ ಹೋದ ಎಣ್ಣೆ ಹೋಯಿತು, ತುಂಬುತ್ತಿರುವುದಷ್ಟೇ ಕೆಲಸ. ಎಣ್ಣೆಯನ್ನು ತಳದ ತೊಟ್ಟಿಯಲ್ಲಿರಿಸಿ ಪಂಪಿನಿಂದ ಸುತ್ತಿಸುವ ಡೀಸೆಲ್ ಇಂಜಿನ್ನು ಬಂದ ಮೇಲೆ, ಅದೇ ಎಣ್ಣೆ ಮಸಿಯನ್ನೂ ಲೋಹದ ಪುಡಿಯನ್ನೂ ಆಮ್ಲವನ್ನೂ ಹೊತ್ತು ತಿರುಗಬೇಕಾಗಿ, ಕಾಲಕಾಲಕ್ಕೆ ಅದನ್ನು ಹೊರಹಾಕುವುದು ಅನಿವಾರ್ಯವಾಯಿತು. ಮಸಿಯನ್ನು ಪಿಸ್ಟನ್ನಿಗೆ ಅಂಟಗೊಡದೆ ತನ್ನಲ್ಲೇ ತೇಲಿಸಿಕೊಳ್ಳುವ ರಾಸಾಯನಿಕಗಳು 1930ರ ದಶಕದಲ್ಲಿ ಎಣ್ಣೆಗೆ ಸೇರಿದುವು. ಅಂದಿನಿಂದ ಡೀಸೆಲ್ ಇಂಜಿನ್ನಿನ ಎಣ್ಣೆ ಬೇಗನೆ ಕಪ್ಪಾಗುವುದು ದೋಷವಲ್ಲ, ಅದು ತನ್ನ ಕೆಲಸ ಮಾಡುತ್ತಿರುವ ಲಕ್ಷಣ.

ಭಾರತದ ಪಶ್ಚಿಮ ತೀರಕ್ಕೆ ಈ ವಿದ್ಯೆ ವ್ಯವಸ್ಥಿತವಾಗಿ ಬಂದುದು ಬಹುಮಟ್ಟಿಗೆ ನಾರ್ವೆಯಿಂದ. 1952ರಲ್ಲಿ ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತಗಳ ನಡುವೆ ಆದ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಮೊದಲಾದ ಯೋಜನೆ, 1960ರ ದಶಕದಲ್ಲಿ ನಮ್ಮ ಕಾರವಾರಕ್ಕೂ ಚಾಚಿತು. 1970ರ ದಶಕದ ನಡುವೆ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಮಂಗಳೂರು, ಮಲ್ಪೆಗಳನ್ನು ತುಂಬಿ, ಊರಿಗೆ ಊರೇ ಕೂಡಿ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು. ದೋಣಿಯ ಮುಂದಾಳಾದ ತಂಡೇಲನ ಪಕ್ಕದಲ್ಲಿ ಡ್ರೈವರನೆಂಬ ಹೊಸ ಮನುಷ್ಯ ನಿಂತನು.

ಅವನು ಕಲಿಯಬೇಕಾಗಿದ್ದುದು ರಸ್ತೆಯ ಲಾರಿ ಕಲಿಸಿದ ಪಾಠವಲ್ಲ. ಬೋಟಿನ ಇಂಜಿನ್ನು ಹಿಂಬದಿಗೆ ಓರೆಯಾಗಿ ಕುಳಿತಿರುವುದರಿಂದ ಡಿಪ್‌ಸ್ಟಿಕ್ಕಿನ ಗೆರೆಯನ್ನು ಆ ಓರೆಗೆ ಹೊಂದಿಸಿಕೊಂಡೇ ಓದಬೇಕು. ಬೋಟು ಅಲುಗುತ್ತಿರುವಾಗ ಓದಿದ ಮಟ್ಟ ಸುಳ್ಳಾಗಬಹುದು. ತೊಟ್ಟಿಯ ತಳ ಬೋಟಿನ ತಳಕ್ಕೆ ಹತ್ತಿಕೊಂಡಂತಿದ್ದು ಅದರ ಬಿರಟೆಗೆ ಕೈ ಎಟುಕದಿರುವುದರಿಂದ, ಇಂಜಿನ್ನನ್ನು ಕೊಂಚ ಹೊತ್ತು ಓಡಿಸಿ ಎಣ್ಣೆ ಬೆಚ್ಚಗಾಗಿ ತೆಳುವಾದ ಮೇಲೆ ಕೈಪಂಪಿನಿಂದ ಮೇಲಕ್ಕೆಳೆಯಬೇಕು. ತಣ್ಣಗಿರುವಾಗ ತೆಗೆದರೆ ಕಲ್ಮಷ ತಳದಲ್ಲೇ ಉಳಿಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ. ತೆಳುವಾಗಿ ಡೀಸೆಲ್ ವಾಸನೆ ಹೊಡೆದರೆ ಇಂಧನ ಸೋರುತ್ತಿದೆ. ಮಟ್ಟ ಇಳಿದುದಕ್ಕಿಂತ ಕಾರಣವಿಲ್ಲದೆ ಏರಿದುದೇ ಹೆಚ್ಚಿನ ಭಯದ ಸೂಚನೆ. ಶಾಲೆಯ ಮೆಟ್ಟಿಲು ಹತ್ತದವರೂ ಈ ಲಕ್ಷಣಗಳನ್ನು ವೈದ್ಯನು ನಾಡಿಯನ್ನು ಹಿಡಿದಂತೆ ಗ್ರಹಿಸುವುದನ್ನು ಕಂಡವರಿಗೆ, ಈ ವಿದ್ಯೆಯ ಬಗ್ಗೆ ಗೌರವ ಹುಟ್ಟದಿರದು.

ತೆಗೆದ ಎಣ್ಣೆಯ ಗತಿಯೇನು? ಅದರಲ್ಲೊಂದು ಪಾಲು ಮರದ ದೋಣಿಗಳ ಹಲಗೆಗೆ ಲೇಪವಾಗಿ ಮೀನೆಣ್ಣೆಯ ಜಾಗವನ್ನು ಹಿಡಿಯಿತು. ಇನ್ನೊಂದು ಪಾಲು ಧಕ್ಕೆಯ ನೀರಿಗೇ ಸೇರಿ ಮೀನಿನ ಮರಿಗಳಿಗೆ ವಿಷವಾಯಿತು. ಕಡಲಿನಿಂದಲೇ ಬದುಕುವವರ ಬಂದರುಗಳಲ್ಲಿ ಸುಟ್ಟೆಣ್ಣೆಗೊಂದು ನಿಶ್ಚಿತವಾದ ಸ್ಥಳವನ್ನು ಇಂಜಿನ್ನು ಬಂದ ದಿನವೇ ಕಲ್ಪಿಸದೆ ಹೋದುದು ದೊಡ್ಡ ಲೋಪವೆಂದು ನಾನು ತಿಳಿಯುತ್ತೇನೆ.

ನಾಡದೋಣಿಗಳ ಕಥೆ ಬೇರೆ. 1980ರ ದಶಕದಿಂದ ಅವುಗಳ ಹಿಂಭಾಗಕ್ಕೆ ತೂಗುಬಿದ್ದ ಸೀಮೆಎಣ್ಣೆಯ ಟೂ ಸ್ಟ್ರೋಕ್ ಇಂಜಿನ್ನುಗಳಲ್ಲಿ ಎಣ್ಣೆ ಇಂಧನದೊಡನೆಯೇ ಬೆರೆತು ಉರಿದುಹೋಗುವುದರಿಂದ, ನೋಡುವ ತೊಟ್ಟಿಯೂ ಇಲ್ಲ, ತೆಗೆಯುವ ಹಳೆಯ ಎಣ್ಣೆಯೂ ಇಲ್ಲ; ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆಯನ್ನು ನೋಡಿಕೊಂಡರಾಯಿತು. ಈಗ ಪೆಟ್ರೋಲಿನ ಫೋರ್ ಸ್ಟ್ರೋಕ್ ಇಂಜಿನ್ನುಗಳು ಬರತೊಡಗಿರುವುದರಿಂದ, ಅಳತೆ ನೋಡಿ ಬೆರೆಸುವುದನ್ನಷ್ಟೇ ಬಲ್ಲ ಆ ದೋಣಿಗಳವರೂ ಡಿಪ್‌ಸ್ಟಿಕ್ಕನ್ನೆಳೆದು, ಒರೆಸಿ, ಮತ್ತೆ ಅದ್ದಿ ನೋಡುವ ವಿದ್ಯೆಯನ್ನು ದೊಡ್ಡ ಬೋಟಿನ ಡ್ರೈವರರಿಂದ ಕಲಿಯಬೇಕಾಗಿದೆ.