ಎಲ್‌ಡಿಎಲ್ ಅಫೆರೆಸಿಸ್ (ಮೂತ್ರಪಿಂಡ ಚಿಕಿತ್ಸೆ)

ಎಲ್‌ಡಿಎಲ್ ಅಫೆರೆಸಿಸ್ ಎಂಬುದು ರಕ್ತವನ್ನು ದೇಹದ ಹೊರಗೆ ಹರಿಸಿ, ಅದರಲ್ಲಿರುವ ಎಲ್‌ಡಿಎಲ್ ಅಥವಾ 'ಕೆಟ್ಟ' ಕೊಲೆಸ್ಟರಾಲನ್ನು ತೆಗೆದು, ರಕ್ತವನ್ನು ರೋಗಿಗೆ ಮರಳಿಸುವ ಚಿಕಿತ್ಸೆ. ಆನುವಂಶಿಕ ಅಧಿಕ ಕೊಲೆಸ್ಟರಾಲ್ ರೋಗಕ್ಕಾಗಿ ರೂಪುಗೊಂಡ ಈ ವಿಧಾನವನ್ನು ಎಫ್‌ಎಸ್‌ಜಿಎಸ್ ಎಂಬ ಮೂತ್ರಪಿಂಡ ರೋಗವು ಔಷಧಗಳಿಗೆ ಮಣಿಯದಿದ್ದಾಗಲೂ ಬಳಸಲಾಗುತ್ತದೆ.

ಹಿನ್ನೆಲೆ

ಎಫ್‌ಎಸ್‌ಜಿಎಸ್ ರೋಗದಲ್ಲಿ ಮೂತ್ರಪಿಂಡದೊಳಗೆ ರಕ್ತವನ್ನು ಸೋಸುವ ಕೆಲವು ಸೂಕ್ಷ್ಮ ರಕ್ತನಾಳಗುಚ್ಛಗಳ ಭಾಗಗಳು ಗಡುಸಾಗುತ್ತವೆ. ಪ್ರೋಟೀನು ಮೂತ್ರದಲ್ಲಿ ಸೋರಿಹೋಗಿ ಮೈ ಊದಿಕೊಳ್ಳುತ್ತದೆ. ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಈ ಅಧಿಕ ಕೊಬ್ಬು ಮೂತ್ರಪಿಂಡವನ್ನು ಮತ್ತಷ್ಟು ಘಾಸಿಗೊಳಿಸುತ್ತದೆಂಬುದು ಚಿಕಿತ್ಸೆಯ ಹಿಂದಿನ ತರ್ಕ. ಸೋರಿಕೆ ನಿಲ್ಲದಿದ್ದರೆ ಡಯಾಲಿಸಿಸ್ ಅಥವಾ ಮೂತ್ರಪಿಂಡ ಕಸಿ ಅನಿವಾರ್ಯವಾಗಬಹುದು. ಕಸಿ ಮಾಡಿದ ಮೂತ್ರಪಿಂಡದಲ್ಲೂ ರೋಗ ಮರುಕಳಿಸುವುದುಂಟು.

ವಿಧಾನ

ಮೊದಲು ರಕ್ತಕಣಗಳಿಂದ ಪ್ಲಾಸ್ಮಾವನ್ನು ಬೇರ್ಪಡಿಸಲಾಗುತ್ತದೆ. ಅನಂತರ ಅದನ್ನು ಡೆಕ್ಸ್‌ಟ್ರಾನ್ ಸಲ್ಫೇಟ್ ಲೇಪಿತ ಸೆಲ್ಯುಲೋಸ್ ಮಣಿಗಳ ಕೊಳವೆಯ ಮೂಲಕ ಹಾಯಿಸಲಾಗುತ್ತದೆ. ಋಣ ವಿದ್ಯುದಂಶವುಳ್ಳ ಡೆಕ್ಸ್‌ಟ್ರಾನ್ ಸಲ್ಫೇಟು ಎಲ್‌ಡಿಎಲ್ ಕಣಗಳ ಧನ ವಿದ್ಯುದಂಶವುಳ್ಳ ಪ್ರೋಟೀನನ್ನು ಹಿಡಿದಿಡುತ್ತದೆ. 'ಒಳ್ಳೆಯ' ಕೊಲೆಸ್ಟರಾಲ್ ಬಹುಮಟ್ಟಿಗೆ ಉಳಿಯುತ್ತದೆ.

ಬಳಕೆ ಮತ್ತು ಫಲಿತಾಂಶ

ಜಪಾನಿನ ಆರೋಗ್ಯ ವಿಮೆಯಡಿ 3 ತಿಂಗಳಲ್ಲಿ ಗರಿಷ್ಠ 12 ಬಾರಿ ಈ ಚಿಕಿತ್ಸೆ ಪಡೆಯಬಹುದು. ಅಮೆರಿಕದಲ್ಲಿ 2013ರಲ್ಲಿ ಮಕ್ಕಳಿಗೂ 2018ರಲ್ಲಿ ವಯಸ್ಕರಿಗೂ ಸೀಮಿತ ಅನುಮತಿ ದೊರೆಯಿತು. ಜಪಾನಿನ 'ಪೋಲಾರಿಸ್' ಅಧ್ಯಯನದಲ್ಲಿ ಎರಡು ವರ್ಷಗಳ ಬಳಿಕ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ರೋಗ ಶಮನ ಕಂಡುಬಂದಿತು. ಆದರೆ ಅದರಲ್ಲಿ ಹೋಲಿಕೆಗೆ ಚಿಕಿತ್ಸೆ ಪಡೆಯದ ಗುಂಪು ಇರಲಿಲ್ಲ.

ಎಚ್ಚರಿಕೆ

ಚಿಕಿತ್ಸೆಯ ವೇಳೆ ರಕ್ತದೊತ್ತಡ ಕುಸಿಯಬಹುದು. ಎನಾಲಾಪ್ರಿಲ್‌ನಂತಹ ಎಸಿಇ ಪ್ರತಿಬಂಧಕ ಔಷಧ ಸೇವಿಸುವವರಲ್ಲಿ ಬ್ರಾಡಿಕೈನಿನ್ ಶೇಖರಗೊಂಡು ಈ ಕುಸಿತ ಅಪಾಯಕಾರಿಯಾಗುವುದರಿಂದ, ವೈದ್ಯರು ಆ ಔಷಧವನ್ನು ಮುಂಚಿತವಾಗಿಯೇ ನಿಲ್ಲಿಸುತ್ತಾರೆ.