ಮರೆತುಹೋದ ಒಂದು ಅರ್ಜಿ ಮತ್ತು ಕ್ರಿಸ್‌ಮಸ್ ಸಿನಿಮಾಗಳು

1974ರಲ್ಲಿ ಅಮೆರಿಕದ ನ್ಯಾಷನಲ್ ಟೆಲಿಫಿಲ್ಮ್ ಅಸೋಸಿಯೇಟ್ಸ್ ಎಂಬ ಕಂಪನಿ ಒಂದು ನವೀಕರಣದ ಅರ್ಜಿ ಸಲ್ಲಿಸಬೇಕಾಗಿತ್ತು. ಸಲ್ಲಿಸಲಿಲ್ಲ. ಆಗಿನ ಕಾನೂನಿನಂತೆ ಸಿನಿಮಾದ ಹಕ್ಕುಸ್ವಾಮ್ಯ ಮೊದಲು 28 ವರ್ಷ ಇರುತ್ತಿತ್ತು. ಅವಧಿ ಮುಗಿಯುವ ಹೊತ್ತಿಗೆ ಅರ್ಜಿ ಹಾಕಿದರೆ ಇನ್ನೂ 28 ವರ್ಷ ಸಿಗುತ್ತಿತ್ತು. ಆ ಕಂಪನಿಯ ಸಂಗ್ರಹದಲ್ಲಿದ್ದ, 1946ರಲ್ಲಿ ತೆರೆಕಂಡು ನಷ್ಟ ಮಾಡಿದ್ದ ಒಂದು ಕಪ್ಪುಬಿಳುಪು ಚಿತ್ರದ ಅವಧಿ ಹೀಗೆ ಸದ್ದಿಲ್ಲದೆ ಮುಗಿದುಹೋಯಿತು. ಚಿತ್ರದ ಹೆಸರು 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಇವತ್ತು ಕ್ರಿಸ್‌ಮಸ್‌ಗೆ ಯಾವ ಸಿನಿಮಾ ನೋಡಬೇಕು ಎಂದು ಯಾರು ಪಟ್ಟಿ ಮಾಡಿದರೂ ಮೊದಲ ಸಾಲುಗಳಲ್ಲೇ ಈ ಹೆಸರು ಇರುತ್ತದೆ. ಆ ಅರ್ಜಿಯನ್ನು ಯಾರಾದರೂ ನೆನಪಿಟ್ಟು ಹಾಕಿದ್ದರೆ ಬಹುಶಃ ಇರುತ್ತಿರಲಿಲ್ಲ.

ಪ್ರತಿ ಡಿಸೆಂಬರಿನಲ್ಲೂ ಬರುವ ಇಂಥ ಪಟ್ಟಿಗಳನ್ನು ನೋಡಿದರೆ, ಯಾರೋ ರಸಿಕರು ಕೂತು ಒಳ್ಳೆಯದನ್ನೆಲ್ಲ ಆರಿಸಿದ್ದಾರೆ ಎನಿಸುತ್ತದೆ. ಇತಿಹಾಸ ಹೇಳುವುದು ಬೇರೆ. ಹಬ್ಬದ ಸಿನಿಮಾ ಎಂಬುದು ಹುಟ್ಟುವುದು ಮರುಪ್ರದರ್ಶನದಿಂದ. ಮರುಪ್ರದರ್ಶನ ನಡೆಯುವುದು ಸಾಮಾನ್ಯವಾಗಿ ಆ ಚಿತ್ರ ಅಗ್ಗವಾಗಿ ಅಥವಾ ಬಿಟ್ಟಿಯಾಗಿ ಕೈಗೆ ಸಿಕ್ಕಾಗ.

ಕ್ರಿಸ್‌ಮಸ್ ಮತ್ತು ಸಿನಿಮಾದ ನಂಟು ಸಿನಿಮಾದಷ್ಟೇ ಹಳೆಯದು. 1898ರಲ್ಲಿ ಇಂಗ್ಲೆಂಡಿನ ಜಿ. ಎ. ಸ್ಮಿತ್ 'ಸಾಂಟಾ ಕ್ಲಾಸ್' ಎಂಬ ಒಂದು ನಿಮಿಷದ ಚಿತ್ರ ಮಾಡಿದ. ಮಕ್ಕಳು ಮಲಗಿರುವ ಕೋಣೆಯನ್ನೂ ಮಾಡಿನ ಮೇಲೆ ಬಂದಿಳಿಯುವ ಸಾಂಟಾನನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಿದ್ದು ಅಂದಿಗೆ ದೊಡ್ಡ ಚಮತ್ಕಾರ. 1901ರಲ್ಲಿ ಆರ್. ಡಬ್ಲ್ಯು. ಪಾಲ್ ನಿರ್ಮಾಣದಲ್ಲಿ ಡಿಕನ್ಸ್‌ನ 'ಎ ಕ್ರಿಸ್‌ಮಸ್ ಕ್ಯಾರಲ್' ತೆರೆಗೆ ಬಂತು. 1843ರ ಡಿಸೆಂಬರಿನಲ್ಲಿ ಪ್ರಕಟವಾಗಿದ್ದ ಆ ಪುಟ್ಟ ಪುಸ್ತಕದ ಜಿಪುಣ ಸ್ಕ್ರೂಜ್ ಅಲ್ಲಿಂದ ಇಲ್ಲಿಯವರೆಗೆ ಸಿನಿಮಾವನ್ನು ಬಿಟ್ಟುಹೋಗಿಲ್ಲ.

ಆದರೆ ಚಿತ್ರಮಂದಿರಗಳ ಕಾಲದಲ್ಲಿ ವರ್ಷವರ್ಷವೂ ನೋಡುವ ಕ್ರಿಸ್‌ಮಸ್ ಸಿನಿಮಾ ಎಂಬ ಕಲ್ಪನೆ ಗಟ್ಟಿಯಾಗಿರಲಿಲ್ಲ. ಚಿತ್ರ ಬರುತ್ತಿತ್ತು, ಕೆಲವು ವಾರ ಓಡಿ ಹೋಗುತ್ತಿತ್ತು. 'ಮಿರಾಕಲ್ ಆನ್ 34ತ್ ಸ್ಟ್ರೀಟ್' ಇದಕ್ಕೆ ತಕ್ಕ ಉದಾಹರಣೆ. ತಾನೇ ನಿಜವಾದ ಸಾಂಟಾ ಎನ್ನುವ ಮುದುಕನೊಬ್ಬ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ನಿಲ್ಲಬೇಕಾಗಿ ಬರುವ ಕಥೆ ಅದು. ಸ್ಟುಡಿಯೊ ಮುಖ್ಯಸ್ಥ ಡ್ಯಾರಿಲ್ ಜಾನಕ್ ಅದನ್ನು 1947ರ ಬೇಸಿಗೆಯಲ್ಲಿ ಬಿಡುಗಡೆ ಮಾಡಿಸಿದ. ಬೇಸಿಗೆಯಲ್ಲಿ ಸಿನಿಮಾಕ್ಕೆ ಹೆಚ್ಚು ಜನ ಬರುತ್ತಾರೆ ಎಂಬುದು ಅವನ ಲೆಕ್ಕ. ಹಾಗಾಗಿ ಪ್ರಚಾರದಲ್ಲಿ ಕ್ರಿಸ್‌ಮಸ್ ಸುದ್ದಿಯನ್ನೇ ಮುಚ್ಚಿಟ್ಟರು. ಸಾಂಟಾ ಪಾತ್ರದ ಎಡ್ಮಂಡ್ ಗ್ವೆನ್‌ಗೆ ಆಸ್ಕರ್ ಬಂತು.

ಈಗ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಕಥೆಗೆ ಬರೋಣ. ಅದರ ಮೂಲ 'ದಿ ಗ್ರೇಟೆಸ್ಟ್ ಗಿಫ್ಟ್' ಎಂಬ ಸಣ್ಣಕಥೆ. ಬರೆದವನು ಫಿಲಿಪ್ ವ್ಯಾನ್ ಡೋರೆನ್ ಸ್ಟರ್ನ್. ಯಾವ ಪತ್ರಿಕೆಯೂ ಅದನ್ನು ಕೊಳ್ಳಲಿಲ್ಲ. ಕೊನೆಗೆ 1943ರ ಡಿಸೆಂಬರಿನಲ್ಲಿ ಅವನೇ 200 ಪ್ರತಿ ಅಚ್ಚು ಹಾಕಿಸಿ, ಗೆಳೆಯರಿಗೆ ಹಬ್ಬದ ಶುಭಾಶಯ ಪತ್ರದ ಬದಲು ಕಳುಹಿಸಿದ. ಆರ್‌ಕೆಓ ಸ್ಟುಡಿಯೊ 10,000 ಡಾಲರ್ ಕೊಟ್ಟು ಹಕ್ಕು ಕೊಂಡಿತು. ಚಿತ್ರಕಥೆ ಸರಿಹೋಗದೆ ಅಷ್ಟೇ ಹಣಕ್ಕೆ ನಿರ್ದೇಶಕ ಫ್ರಾಂಕ್ ಕಾಪ್ರಾಗೆ ದಾಟಿಸಿತು. ಯುದ್ಧಕಾಲದಲ್ಲಿ ಸೇನೆಗಾಗಿ ಚಿತ್ರ ಮಾಡಿ ಬಂದಿದ್ದ ಕಾಪ್ರಾ, ಆಗಷ್ಟೇ ಗೆಳೆಯರೊಂದಿಗೆ ಲಿಬರ್ಟಿ ಫಿಲ್ಮ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದ್ದ. ನಾಯಕ ಜೇಮ್ಸ್ ಸ್ಟೀವರ್ಟ್ ಬಾಂಬರ್ ವಿಮಾನದ ಪೈಲಟ್ ಆಗಿ 20 ಕಾರ್ಯಾಚರಣೆ ಮುಗಿಸಿ ಮರಳಿದ್ದ. ಯುದ್ಧದ ನಂತರ ಅವನ ಮೊದಲ ಚಿತ್ರ ಇದು. ಪರದೆಯ ಮೇಲೆ ಅವನ ಮುಖದಲ್ಲಿ ಕಾಣುವ ದಣಿವು ಪೂರ್ತಿ ನಟನೆಯಲ್ಲ ಎಂದು ಹಲವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಕಥೆ ಸರಳ. ಜಾರ್ಜ್ ಬೇಯ್ಲಿ ಜಗತ್ತು ಸುತ್ತುವ ಕನಸು ಕಂಡವನು. ಅಪ್ಪ ತೀರಿಕೊಂಡ ಮೇಲೆ ಊರಿನ ಒಂದು ಸಣ್ಣ ಗೃಹಸಾಲದ ಸಂಸ್ಥೆಗೆ ಅಂಟಿಕೊಳ್ಳುತ್ತಾನೆ. ನಮ್ಮ ಪತ್ತಿನ ಸಹಕಾರ ಸಂಘದ ಹಾಗೆ, ಬಡವರ ಉಳಿತಾಯದಿಂದಲೇ ಬಡವರಿಗೆ ಮನೆ ಕಟ್ಟಿಸುವ ಸಂಸ್ಥೆ. ಠೇವಣಿದಾರರು ಹೆದರಿ ಒಮ್ಮೆಲೇ ಹಣ ಕೇಳಲು ಮುತ್ತಿದಾಗ, ನಿಮ್ಮ ಹಣ ಇಲ್ಲಿ ಪೆಟ್ಟಿಗೆಯಲ್ಲಿಲ್ಲ, ಪಕ್ಕದವನ ಮನೆಯ ಗೋಡೆಯಲ್ಲಿದೆ ಎಂದು ಜಾರ್ಜ್ ತಿಳಿಹೇಳುವ ದೃಶ್ಯ ಅರ್ಥಶಾಸ್ತ್ರದ ಒಳ್ಳೆಯ ಪಾಠ. ಕೊನೆಗೊಂದು ಕ್ರಿಸ್‌ಮಸ್ ಹಿಂದಿನ ದಿನ ಸಂಸ್ಥೆಯ 8,000 ಡಾಲರ್ ಕಳೆದುಹೋಗುತ್ತದೆ. ಅದು ಸಿಕ್ಕಿದ್ದು ಊರಿನ ದುರಾಸೆಯ ಶ್ರೀಮಂತ ಪಾಟರ್‌ಗೆ; ಅವನು ಸುಮ್ಮನಿರುತ್ತಾನೆ. ಜಾರ್ಜ್ ಸಾಯಲೆಂದು ಸೇತುವೆಗೆ ಹೋಗುತ್ತಾನೆ. ಅಲ್ಲಿಗೆ ಬಂದ ದೇವದೂತನೊಬ್ಬ, ನೀನು ಹುಟ್ಟದೇ ಇದ್ದಿದ್ದರೆ ಈ ಊರು ಹೇಗಿರುತ್ತಿತ್ತು ನೋಡು ಎಂದು ತೋರಿಸುತ್ತಾನೆ.

ಚಿತ್ರೀಕರಣ ನಡೆದದ್ದು 1946ರ ಬಿರುಬೇಸಿಗೆಯಲ್ಲಿ. ಅಲ್ಲಿಯವರೆಗೆ ಹಿಮ ಎಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ತುಳಿದರೆ ಕರುಕುರು ಸದ್ದಾಗಿ ಸಂಭಾಷಣೆಯನ್ನು ಆಮೇಲೆ ಮತ್ತೆ ಧ್ವನಿಮುದ್ರಿಸಬೇಕಾಗುತ್ತಿತ್ತು. ಈ ಚಿತ್ರಕ್ಕಾಗಿ ಬೆಂಕಿ ಆರಿಸುವ ನೊರೆ, ಸೋಪು, ನೀರು ಬೆರೆಸಿ ಸದ್ದಿಲ್ಲದ ಹಿಮ ತಯಾರಿಸಿದರು. 1946ರ ಡಿಸೆಂಬರ್ 20ರಂದು ನ್ಯೂಯಾರ್ಕಿನಲ್ಲಿ ಚಿತ್ರ ಬಿಡುಗಡೆಯಾಯಿತು. ಐದು ಆಸ್ಕರ್ ನಾಮನಿರ್ದೇಶನ ಬಂದವು, ಒಂದೂ ಗೆಲ್ಲಲಿಲ್ಲ. ತಂತ್ರಜ್ಞರ ಹಿಮಕ್ಕೆ ಮಾತ್ರ ಪ್ರತ್ಯೇಕವಾಗಿ ತಾಂತ್ರಿಕ ಪುರಸ್ಕಾರ ಸಿಕ್ಕಿತು. ಆ ವರ್ಷ ಏಳು ಆಸ್ಕರ್ ಬಾಚಿಕೊಂಡ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್' ಚಿತ್ರದ ನಿರ್ದೇಶಕ ವಿಲಿಯಂ ವೈಲರ್, ಕಾಪ್ರಾನ ಸಂಸ್ಥೆಯದೇ ಪಾಲುದಾರ. ಕಾಪ್ರಾನ ಚಿತ್ರಕ್ಕೆ ಸುಮಾರು ಐದು ಲಕ್ಷ ಡಾಲರ್ ನಷ್ಟವಾಯಿತು. 1947ರಲ್ಲಿ ಲಿಬರ್ಟಿ ಫಿಲ್ಮ್ಸ್ ಪ್ಯಾರಾಮೌಂಟ್‌ಗೆ ಮಾರಾಟವಾಯಿತು. ಸಾಲದ್ದಕ್ಕೆ, ಬ್ಯಾಂಕರನನ್ನು ಖಳನಾಯಕ ಮಾಡಿರುವುದು ಕಮ್ಯುನಿಸ್ಟ್ ತಂತ್ರವಿರಬಹುದು ಎಂಬ ಆಪಾದನೆಯನ್ನು ಎಫ್‌ಬಿಐ ತನ್ನ ಕಡತದಲ್ಲಿ ಬರೆದಿಟ್ಟುಕೊಂಡಿತು.

ಚಿತ್ರ ಹಲವು ಕೈ ದಾಟಿ ಟಿವಿ ವಿತರಕರ ಪಾಲಾಯಿತು. 1974ರ ಅರ್ಜಿ ತಪ್ಪಿದ ಮೇಲೆ ಸ್ಥಳೀಯ ಟಿವಿ ಕೇಂದ್ರಗಳಿಗೆ ಅದೃಷ್ಟ ಖುಲಾಯಿಸಿತು. ಡಿಸೆಂಬರಿನಲ್ಲಿ ದೊಡ್ಡ ಜಾಲಗಳು ಹಣ ಸುರಿದು ಹಬ್ಬದ ಕಾರ್ಯಕ್ರಮ ಮಾಡುತ್ತಿದ್ದರೆ, ಸಣ್ಣ ಕೇಂದ್ರಗಳಿಗೂ ಸಾರ್ವಜನಿಕ ವಾಹಿನಿಗಳಿಗೂ ಗೌರವಧನ ಕೊಡದೆ ಎರಡು ಗಂಟೆ ತುಂಬಿಸುವ ಒಂದು ಕ್ರಿಸ್‌ಮಸ್ ಕಥೆ ಕೈಗೆ ಬಂತು. ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ, ಬೇರೆ ಬೇರೆ ವಾಹಿನಿಗಳಲ್ಲಿ ಅದು ಮತ್ತೆ ಮತ್ತೆ ಬರತೊಡಗಿತು. ಚಿತ್ರಮಂದಿರದಲ್ಲಿ ಅದನ್ನು ಕಂಡೇ ಇರದ ತಲೆಮಾರು ಮನೆಯಲ್ಲಿ ಅದರೊಂದಿಗೆ ಬೆಳೆಯಿತು. 1980ರ ದಶಕದಲ್ಲಿ ಅದಕ್ಕೆ ಕಂಪ್ಯೂಟರಿನಿಂದ ಬಣ್ಣ ಬಳಿದಾಗ ಸ್ಟೀವರ್ಟ್ ಬಹಿರಂಗವಾಗಿಯೇ ಸಿಟ್ಟಾದ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಚಿತ್ರ ಸೇರಿತು.

ಬಿಟ್ಟಿಯಾಗಿ ಸಿಕ್ಕಿದ್ದೆಲ್ಲ ಜನಪ್ರಿಯವಾಗುವುದಿಲ್ಲ. ಅದೇ ಕಾಲದಲ್ಲಿ ಹಕ್ಕು ಕಳೆದುಕೊಂಡ ಎಷ್ಟೋ ಚಿತ್ರಗಳನ್ನು ಯಾರೂ ನೋಡುವುದಿಲ್ಲ. ಅರ್ಜಿ ತಪ್ಪಿದ್ದರಿಂದ ಬಾಗಿಲು ತೆರೆಯಿತು, ಅಷ್ಟೆ. ಒಳಗೆ ಬಂದವರು ಉಳಿದದ್ದು, ಹಬ್ಬದ ದಿನ ಎಲ್ಲರೂ ಸಂತೋಷವಾಗಿರುವುದಿಲ್ಲ ಎಂಬುದನ್ನು ಚಿತ್ರ ಮುಚ್ಚಿಡದಿದ್ದುದಕ್ಕೆ. ಸಾಲ, ಅವಮಾನ, ಸಾಯುವ ಯೋಚನೆ ಎಲ್ಲವೂ ಅಲ್ಲಿವೆ. ಕಳ್ಳತನ ಮಾಡಿದ ಪಾಟರ್‌ಗೆ ಕೊನೆಯವರೆಗೂ ಶಿಕ್ಷೆಯಾಗುವುದಿಲ್ಲ. ಪವಾಡ ಎನ್ನಬಹುದಾದದ್ದು ಊರಿನವರು ತಂದು ಸುರಿಯುವ ಚಿಲ್ಲರೆ ಹಣ ಮಾತ್ರ.

ಟಿವಿಗಾಗಿಯೇ ತಯಾರಾದ ವಿಶೇಷ ಕಾರ್ಯಕ್ರಮಗಳ ಕಥೆಯೂ ಇದಕ್ಕೆ ತೀರಾ ದೂರವಲ್ಲ. 1964ರಲ್ಲಿ ಎನ್‌ಬಿಸಿಯಲ್ಲಿ ಬಂದ 'ರುಡಾಲ್ಫ್ ದಿ ರೆಡ್-ನೋಸ್ಡ್ ರೇನ್‌ಡಿಯರ್' ಬೊಂಬೆಗಳ ಚಿತ್ರ. ಬೊಂಬೆಗಳನ್ನು ಒಂದೊಂದೇ ಚೌಕಟ್ಟಿಗೆ ಕದಲಿಸಿ ಚಿತ್ರಿಸಿದ್ದು ಜಪಾನಿನಲ್ಲಿ. ಕೆಂಪು ಮೂಗಿನ ಆ ಜಿಂಕೆ ಹುಟ್ಟಿದ್ದು 1939ರಲ್ಲಿ, ಒಂದು ಅಂಗಡಿ ಸಂಸ್ಥೆ ಗಿರಾಕಿಗಳ ಮಕ್ಕಳಿಗೆ ಬಿಟ್ಟಿ ಹಂಚಿದ ಪುಸ್ತಕದಲ್ಲಿ. ಶೀರ್ಷಿಕೆಯಲ್ಲಿ ರೋಮನ್ ಅಂಕಿ ಬರೆಯುವಾಗ ಒಂದು ಅಕ್ಷರ ಬಿಟ್ಟುಹೋಗಿ 1964ರ ಬದಲು 1164 ಎಂದಾಯಿತು.

ಮರುವರ್ಷ, 1965ರ ಡಿಸೆಂಬರ್ 9ರಂದು, ಸಿಬಿಎಸ್‌ನಲ್ಲಿ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್' ಬಂತು. ಚಾರ್ಲ್ಸ್ ಶುಲ್ಜ್‌ನ 'ಪೀನಟ್ಸ್' ಚಿತ್ರಪಟ್ಟಿಯನ್ನು ಆಧರಿಸಿದ ಇದನ್ನು ಕೋಕಾ-ಕೋಲಾ ಪ್ರಾಯೋಜಿಸಿತ್ತು. ಸುಮಾರು ಆರು ತಿಂಗಳಲ್ಲಿ ಅವಸರವಾಗಿ ಮುಗಿಸಿದ್ದರು. ದನಿ ಕೊಟ್ಟವರು ನಿಜವಾದ ಮಕ್ಕಳು. ಓದಲು ಬಾರದ ಸಣ್ಣವರಿಗೆ ಒಂದೊಂದೇ ತುಣುಕು ಹೇಳಿಕೊಟ್ಟು ಹೇಳಿಸಿದರು. ಆಗಿನ ರೂಢಿಯಾಗಿದ್ದ ಹಿನ್ನೆಲೆಯ ನಗುವನ್ನು ಸೇರಿಸಲಿಲ್ಲ. ಸಂಗೀತ ವಿನ್ಸ್ ಗರಾಲ್ಡಿಯ ಜಾಝ್. ಮೊದಲು ನೋಡಿದ ವಾಹಿನಿಯ ಅಧಿಕಾರಿಗಳಿಗೆ ಏನೂ ಹಿಡಿಸಲಿಲ್ಲ: ನಿಧಾನವಾಯಿತು, ಜಾಝ್ ಹೊಂದುವುದಿಲ್ಲ, ಬೈಬಲ್ ವಾಚನ ಬೇಡವಾಗಿತ್ತು. ಆದರೆ ದಿನ ಗೊತ್ತಾಗಿಬಿಟ್ಟಿತ್ತು, ಪ್ರಸಾರ ಮಾಡಿದರು. ಅಂದು ರಾತ್ರಿ ಟಿವಿ ನೋಡುತ್ತಿದ್ದ ಅಮೆರಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅದನ್ನು ನೋಡಿದರು. ಎಮ್ಮಿ ಮತ್ತು ಪೀಬಾಡಿ ಪ್ರಶಸ್ತಿಗಳು ಬಂದವು. ಹಬ್ಬ ಹತ್ತಿರ ಬಂದರೂ ತನಗೇಕೆ ಸಂತೋಷವಾಗುತ್ತಿಲ್ಲ ಎಂದು ಒಬ್ಬ ಹುಡುಗ ಕೇಳುವುದರಿಂದ ಆ ಚಿತ್ರ ಶುರುವಾಗುತ್ತದೆ. ಜಾರ್ಜ್ ಬೇಯ್ಲಿಯ ಪ್ರಶ್ನೆಗೆ ಇದು ತಮ್ಮನಂಥದು. ಹಬ್ಬ ವ್ಯಾಪಾರವಾಗಿದೆ ಎಂದು ಕೊರಗುವ ಆ ಕಥೆಯ ನಡುವೆ ಬಂದದ್ದು ತಂಪುಪಾನೀಯದ ಜಾಹೀರಾತು. 1966ರಲ್ಲಿ ಉಡುಗೊರೆಗಳಿಲ್ಲದೆಯೂ ಹಬ್ಬ ಬರುತ್ತದೆ ಎಂದು ಸಾರಿದ 'ಗ್ರಿಂಚ್' ಕಾರ್ಟೂನಿಗೆ ಹಣ ಕೊಟ್ಟದ್ದು ಬ್ಯಾಂಕುಗಳ ಒಂದು ಸಂಘ.

ಅಮೆರಿಕದ ಆಚೆಗೂ ಹೀಗೇ. 1973ರಲ್ಲಿ ಚೆಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿ ಸೇರಿ 'ಸಿಂಡರೆಲ್ಲಾಗೆ ಮೂರು ಕಾಯಿಗಳು' ಎಂಬರ್ಥದ ಹೆಸರಿನ ಚಿತ್ರ ಮಾಡಿದವು. ಇದರಲ್ಲಿ ಕ್ರಿಸ್‌ಮಸ್ ಇಲ್ಲವೇ ಇಲ್ಲ. ಬೇಸಿಗೆಯಲ್ಲಿ ತೆಗೆಯಬೇಕೆಂದಿದ್ದ ಕಥೆಯನ್ನು ಜರ್ಮನ್ ಸ್ಟುಡಿಯೊದ ಒತ್ತಾಯಕ್ಕೆ ಚಳಿಗಾಲಕ್ಕೆ ಬದಲಿಸಿದರು. ಹಿಮ ಸಾಲದಾದಾಗ ನಾರುವ ಮೀನಿನ ಪುಡಿ ಎರಚಿದರು. ಚಿತ್ರಕಥೆ ಬರೆದ ಫ್ರಾಂಟಿಶೆಕ್ ಪಾವ್ಲೀಚೆಕ್ ಸರ್ಕಾರದ ನಿಷೇಧಕ್ಕೆ ಒಳಗಾಗಿದ್ದರಿಂದ ಇನ್ನೊಬ್ಬರ ಹೆಸರು ಹಾಕಿದರು. ಆ ಹಿಮದಿಂದಾಗಿಯೇ ಅದು ಡಿಸೆಂಬರಿನ ಚಿತ್ರವಾಯಿತು. ಇವತ್ತು ಜರ್ಮನಿ, ಚೆಕ್ ದೇಶ, ನಾರ್ವೆಗಳಲ್ಲಿ ಅದಿಲ್ಲದೆ ಹಬ್ಬವಿಲ್ಲ. ನಾರ್ವೆಯಲ್ಲಿ ಸಿಂಡರೆಲ್ಲಾ, ರಾಜಕುಮಾರ, ಮಲತಾಯಿ ಎಲ್ಲರ ಮಾತನ್ನೂ ಒಬ್ಬನೇ ಗಂಡಸು ಓದಿ ಹೇಳಿದ ಹಳೆಯ ಮುದ್ರಿಕೆಯೇ ಜನರಿಗೆ ಬೇಕು.

ತೆರೆದ ಬಾಗಿಲುಗಳು ಆಮೇಲೆ ಮುಚ್ಚಿದವು. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹಿಚ್‌ಕಾಕ್‌ನ 'ರಿಯರ್ ವಿಂಡೊ' ಕುರಿತ ಮೊಕದ್ದಮೆಯಲ್ಲಿ, ಮೂಲಕಥೆಯ ಹಕ್ಕು ಚಿತ್ರದ ಮೇಲೂ ಹಿಡಿತ ಹೊಂದಿರುತ್ತದೆ ಎಂದು ತೀರ್ಪು ಕೊಟ್ಟಿತು. ಸ್ಟರ್ನ್‌ನ ಕಥೆಯ ಹಕ್ಕು ಇನ್ನೂ ಜೀವಂತವಾಗಿತ್ತು. ಇದನ್ನೇ ಹಿಡಿದು, ಹಳೆಯ ಕಂಪನಿಯ ಉತ್ತರಾಧಿಕಾರಿ ರಿಪಬ್ಲಿಕ್ ಪಿಕ್ಚರ್ಸ್ 1993ರಲ್ಲಿ ಬಿಟ್ಟಿ ಪ್ರಸಾರ ನಿಲ್ಲಿಸಿತು. ಮರುವರ್ಷ ಪ್ರಸಾರದ ಹಕ್ಕು ಎನ್‌ಬಿಸಿಯ ಪಾಲಾಯಿತು. ಚಾರ್ಲಿ ಬ್ರೌನ್ 2020ರಲ್ಲಿ ಆಪಲ್‌ನ ಚಂದಾ ಸೇವೆಗೆ ಹೋಯಿತು. 55 ವರ್ಷ ಮನೆಮನೆಗೆ ಬಂದದ್ದು ಒಮ್ಮೆಲೇ ಮಾಯವಾದಾಗ ಎದ್ದ ಗದ್ದಲಕ್ಕೆ, ಸಾರ್ವಜನಿಕ ವಾಹಿನಿಯಲ್ಲಿ ಒಂದು ಸಂಜೆ ತೋರಿಸಲು ಒಪ್ಪಿದರು. ಮಾಲೀಕರಿಗೆ ಅವರ ಹಕ್ಕು ಸೇರಬೇಕಾದದ್ದೇ. ಆದರೆ ಆ ಆಸ್ತಿಗೆ ಬೆಲೆ ತಂದವರಲ್ಲಿ, ಎಲ್ಲರೂ ಒಂದೇ ಸಂಜೆ ಒಂದೇ ಚಿತ್ರ ನೋಡಿದ ಆ ಹಳೆಯ ವೀಕ್ಷಕರೂ ಸೇರಿದ್ದಾರೆ. ಅವರ ಪಾಲು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ.

ಹಾಗಾದರೆ ಈ ಡಿಸೆಂಬರಿನಲ್ಲಿ ಏನು ನೋಡಬಹುದು? ಮಕ್ಕಳಿದ್ದರೆ ಚಾರ್ಲಿ ಬ್ರೌನ್‌ನಿಂದ ಶುರು ಮಾಡಬಹುದು, ಬರೀ 25 ನಿಮಿಷ. ಅಷ್ಟೇ ಪುಟ್ಟದು 1982ರ ಬ್ರಿಟಿಷ್ ಚಿತ್ರ 'ದಿ ಸ್ನೋಮ್ಯಾನ್'. ಕಥೆಯಲ್ಲಿ ಮಾತೇ ಇಲ್ಲದ್ದರಿಂದ ಭಾಷೆಯ ತೊಡಕಿಲ್ಲ, ಆದರೆ ಕೊನೆಯಲ್ಲಿ ಹಿಮ ಕರಗುತ್ತದೆ ಎಂಬುದಕ್ಕೆ ಮಕ್ಕಳನ್ನು ಸಿದ್ಧಪಡಿಸಬೇಕು. ಡಿಕನ್ಸ್ ಬೇಕೆಂದರೆ 1951ರ 'ಸ್ಕ್ರೂಜ್', ಅಲಸ್ಟೇರ್ ಸಿಮ್ ನಟಿಸಿದ್ದು. ನಗು ಬೇಕಾದವರಿಗೆ 'ಮಿರಾಕಲ್ ಆನ್ 34ತ್ ಸ್ಟ್ರೀಟ್'. ಕಾಪ್ರಾನ ಚಿತ್ರಕ್ಕೆ ಎರಡು ಗಂಟೆಗೂ ಹೆಚ್ಚು ಬಿಡುವು ಬೇಕು; ಕಪ್ಪುಬಿಳುಪಿನ ಮುದ್ರಿಕೆಯನ್ನೇ ಹುಡುಕುವುದು ಒಳ್ಳೆಯದು. ಊರು ಬಿಟ್ಟು ಹೋಗಲಾಗದೆ ಉಳಿದುಹೋದವನ ಕಥೆ ಅದು. ಊರು ಬಿಟ್ಟು ಬಂದು ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿದವರು ನೋಡುವಾಗ, ತಮ್ಮ ಪರವಾಗಿ ಅಲ್ಲೇ ನಿಂತ ಅಣ್ಣನೋ ತಂಗಿಯೋ ನೆನಪಾದರೆ, ಚಿತ್ರ ಮುಗಿದ ಮೇಲೆ ಅವರಿಗೊಂದು ಫೋನ್ ಮಾಡಬಹುದು.